ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ಕುಮಟಾ ತಾಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರಕ್ಕೆಂದೇ ಒಂದು ಸಣ್ಣ ಪ್ರಯೋಗಾಲಯವನ್ನು ಸಜ್ಜುಗೊಳಿಸಿ, ಪ್ಲನೇರಿಯಾ ಎಂಬ ಚಪ್ಪಟೆಹುಳುವಿನ ಪುನರುತ್ಪಾದನೆಯನ್ನು, ಅಂದರೆ ಕತ್ತರಿಸಿದ ತುಂಡುಗಳು ಮತ್ತೆ ಇಡೀ ಹುಳುಗಳಾಗಿ ಬೆಳೆಯುವುದನ್ನು, ವಿದ್ಯಾರ್ಥಿಗಳೇ ನೋಡಿ, ಅಳೆದು, ಬರೆದಿಡುವ ವ್ಯವಸ್ಥೆ ಮಾಡಬೇಕೆಂದು ಆಡಳಿತ ಮಂಡಳಿಯು ನಿರ್ಧರಿಸಿದ್ದು, ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳಲ್ಲಿ, ಪಾಲಕರಲ್ಲಿ ಹಾಗೂ ಊರಿನ ಹಿತೈಷಿಗಳಲ್ಲಿ ಈ ಮನವಿಯನ್ನು ಮಾಡಿಕೊಳ್ಳುತ್ತಿದ್ದೇವೆ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಈ ಹುಳುವಿನ ಚಿತ್ರವಿದೆ. ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬಿಡಿಸುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಬಾಲದ ತುಂಡಿಗೆ ತಲೆ ಮೂಡುವುದು ಹೇಗೆ, ಯಾವ ತುದಿಯಲ್ಲಿ ತಲೆ ಬೆಳೆಯಬೇಕೆಂಬುದು ಆ ತುಂಡಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಚಿತ್ರ ಬಿಡಿಸಿದವರು ಕೇಳಿದ್ದು ಕಡಿಮೆ. ಹುಳುವನ್ನು ಕಣ್ಣಾರೆ ಕಂಡವರು ಕೇಳದೆ ಇರುವುದು ಕಷ್ಟ.

ತಿಳಿನೀರಿನ ಕಲ್ಲುಗಳಡಿಯಲ್ಲಿ ಬೆಳಕಿಗೆ ಮರೆಯಾಗಿ ಬದುಕುವ ಈ ಹುಳು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಉದ್ದವಿದ್ದು, ಅದಕ್ಕೆ ತಲೆಯ ಮೇಲೆ ಎರಡು ಕಣ್ಣುಚುಕ್ಕೆಗಳೂ ಹೊಟ್ಟೆಯ ನಡುಭಾಗದಲ್ಲಿ ಬಾಯಿಯೂ ಇವೆ. ಮೂರು ತುಂಡಾಗಿ ಕತ್ತರಿಸಿದಾಗ ಗಾಯ ಮೊದಲು ಮುದುಡಿ ಮುಚ್ಚಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಆ ಅಂಚಿನಲ್ಲಿ ಬಣ್ಣವಿಲ್ಲದ ಹೊಸ ಅಂಗಾಂಶ ಬಿಳಿಚಿಕೊಂಡು ಕಾಣಿಸುತ್ತದೆ. ಸುಮಾರು ವಾರದ ಹೊತ್ತಿಗೆ ಅದರಲ್ಲಿ ಎರಡು ಕಪ್ಪು ಚುಕ್ಕೆಗಳು ಮೂಡುತ್ತವೆ. ಬಾಯಿಯೇ ಇಲ್ಲದ ತುಂಡು ಏನನ್ನೂ ತಿನ್ನಲಾರದು; ಅದು ಇದ್ದ ಅಂಗಾಂಶವನ್ನೇ ಮರುಹೊಂದಿಸಿಕೊಂಡು, ಗಾತ್ರದಲ್ಲಿ ಚಿಕ್ಕದಾದರೂ ಅಂಗಾಂಗಗಳ ಪ್ರಮಾಣದಲ್ಲಿ ಸರಿಯಾದ ಹುಳುವಾಗುತ್ತದೆ. ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ಸಣ್ಣ ತುಂಡೂ ಇಡೀ ಹುಳುವಾಗಬಲ್ಲದೆಂದು ಥಾಮಸ್ ಹಂಟ್ ಮಾರ್ಗನ್ ಅವರು 1898ರಲ್ಲಿ ವರದಿ ಮಾಡಿದ್ದರು. ಹಣ್ಣಿನ ನೊಣದ ಆನುವಂಶಿಕತೆಯ ಅಧ್ಯಯನಕ್ಕಾಗಿ 1933ರಲ್ಲಿ ನೊಬೆಲ್ ಪಡೆದವರು ಇವರೇ.

ಇದೆಲ್ಲಕ್ಕೂ ಕಾರಣ ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು, ಅಂದರೆ ವಿಭಜನೆಗೊಂಡು ಬೇರೆ ಬಗೆಯ ಕೋಶಗಳನ್ನು ತಯಾರಿಸಬಲ್ಲ ಮೂಲಕೋಶಗಳು. ನಮ್ಮ ಮೂಳೆಮಜ್ಜೆಯ ಕಾಂಡಕೋಶಗಳು ರಕ್ತದ ಕೋಶಗಳನ್ನು ತಯಾರಿಸಬಲ್ಲವೇ ಹೊರತು ಕಣ್ಣನ್ನೋ ಮಿದುಳನ್ನೋ ಅಲ್ಲ. ಈ ಹುಳುವಿನಲ್ಲಾದರೋ, ವಿಕಿರಣದಿಂದ ಕಾಂಡಕೋಶಗಳನ್ನೆಲ್ಲ ಕಳೆದುಕೊಂಡು ಸಾಯಬೇಕಿದ್ದ ಹುಳುವಿಗೆ ಒಂದೇ ಒಂದು ನಿಯೋಬ್ಲಾಸ್ಟನ್ನು ಸೇರಿಸಿದಾಗ ಅದು ಬದುಕಿಕೊಂಡದ್ದನ್ನು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನ ತಯಾರಿಯನ್ನು ತಡೆದರೆ ಬಾಲ ಬರಬೇಕಾದಲ್ಲಿಯೂ ತಲೆಯೇ ಬೆಳೆಯುತ್ತದೆಂದು 2008ರಲ್ಲಿ ತಿಳಿದುಬಂತು. ಇಂಥ ಪ್ರಯೋಗಗಳು ಶಾಲೆಯಲ್ಲಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಕತ್ತರಿಸಿ, ಕಾದು, ನೋಡುವಷ್ಟರಿಂದಲೇ ಅವುಗಳನ್ನು ಅರ್ಥಮಾಡಿಕೊಳ್ಳುವ ದಾರಿ ತೆರೆಯುತ್ತದೆ. ಕಾಂಡಕೋಶಗಳ ಅಧ್ಯಯನಕ್ಕೆಂದೇ ಇರುವ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಪ್ಲನೇರಿಯಾದ ಮೇಲೆ ಸಂಶೋಧನೆ ನಡೆದಿದೆ ಎಂಬುದನ್ನು ಮುಂದೆ ಓದಬಯಸುವ ಮಕ್ಕಳು ತಿಳಿದಿರಲಿ.

ನಮ್ಮ ದೊಡ್ಡ ತೊಡಕು ಕರಾವಳಿಯ ಸೆಕೆ. ಈ ಹುಳುಗಳಿಗೆ ಇಪ್ಪತ್ತು ಡಿಗ್ರಿಯ ಆಸುಪಾಸಿನ ತಂಪು ಹಿತ; ನಮ್ಮ ತರಗತಿಯ ಕೋಣೆಯಾದರೆ ಮಾರ್ಚ್ ಬರುವುದರೊಳಗೆ ಮೂವತ್ತನ್ನು ದಾಟಿರುತ್ತದೆ. ಎರಡನೆಯದು ನೀರು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರು ಇವುಗಳಿಗೆ ಆಗದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲದಿರಲೆಂದು ಹೊಡೆಯುವ ಮೈಲುತುತ್ತದ ಮದ್ದಿನಲ್ಲಿ ತಾಮ್ರವಿರುವುದರಿಂದ, ತೋಟದ ಕೆಳಗೆ ಹರಿದು ಬರುವ ಹಳ್ಳದ ನೀರೂ ಆಗದು. ಆದ್ದರಿಂದ ದೇವಿಮನೆ ಘಟ್ಟದ ಕಡೆಯಿಂದ, ತೋಟಗಳಿಗಿಂತ ಮೇಲಿನ ನೀರನ್ನು ಕ್ಯಾನುಗಳಲ್ಲಿ ತರಿಸಬೇಕಾಗುತ್ತದೆ.

ಜೀವಿಯನ್ನು ಕತ್ತರಿಸುವುದು ಹಿಂಸೆಯಲ್ಲವೇ ಎಂದು ಕೆಲವು ಪಾಲಕರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಈ ಹುಳು ತಾನಾಗಿಯೇ ಬಾಲವನ್ನು ಹರಿದುಕೊಂಡು ಎರಡಾಗುವುದುಂಟು. ಹಾಗೆಂದು ಅದಕ್ಕೆ ನರಮಂಡಲವಿರುವುದನ್ನು ಮರೆಯುವಂತಿಲ್ಲ. ಮಂಜುಗಡ್ಡೆಯ ಮೇಲೆ ತಣ್ಣಗಾಗಿಸಿದ ಬಳಿಕ ಶಿಕ್ಷಕರೇ ಕತ್ತರಿಸುತ್ತಾರೆ, ಒಂದು ಗುಂಪಿಗೆ ಒಂದೇ ಹುಳು, ಮತ್ತು ಪ್ರಯೋಗದ ನಂತರ ಯಾವುದನ್ನೂ ಕೊಲ್ಲಲಾಗುವುದಿಲ್ಲ. ಕಪ್ಪೆಯನ್ನು ಕೊಂದು ಸೀಳಿ ತೋರಿಸುತ್ತಿದ್ದ ಹಿಂದಿನ ಪಾಠಕ್ಕಿಂತ ಇದು ಮೇಲೆಂದು ನಮ್ಮ ಅಭಿಪ್ರಾಯ.

ಮೊದಲಿಗೆ ಬೇಕಾಗಿರುವುದು ಉಷ್ಣತೆಯನ್ನು ಸ್ಥಿರವಾಗಿಡುವ ಒಂದು ಬಿಓಡಿ ಇನ್‌ಕ್ಯುಬೇಟರ್ ಹಾಗೂ ಮಳೆಗಾಲದಲ್ಲಿ ಕರೆಂಟು ಹೋದಾಗ ಅದನ್ನು ನಡೆಸಲು ಇನ್ವರ್ಟರ್ ಮತ್ತು ಬ್ಯಾಟರಿ. ಬಳಿಕ ಸ್ಟೀರಿಯೋ ಸೂಕ್ಷ್ಮದರ್ಶಕಗಳು ಮತ್ತು ಪೆಟ್ರಿ ತಟ್ಟೆಗಳು. ಸೂಕ್ಷ್ಮದರ್ಶಕಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಬ್ಯಾಟರಿಗೆ ಯಾರೂ ಮುಂದೆ ಬರುವುದಿಲ್ಲ ಎಂಬುದನ್ನು ಬಲ್ಲೆವಾದ್ದರಿಂದ, ಬ್ಯಾಟರಿ ಕೊಟ್ಟವರ ಹೆಸರನ್ನೂ ದಾನಿಗಳ ಫಲಕದಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಸಲಾಗುವುದು. ಒಟ್ಟು ಸುಮಾರು ಎರಡು ಲಕ್ಷ ರೂಪಾಯಿಗಳ ಅಂದಾಜಿದೆ. ಸುಸ್ಥಿತಿಯಲ್ಲಿರುವ ಹಳೆಯ ಉಪಕರಣಗಳನ್ನೂ ಸಂತೋಷದಿಂದ ಸ್ವೀಕರಿಸುತ್ತೇವೆ.

ದೇಣಿಗೆಯನ್ನು ಶಾಲೆಯ ಹೆಸರಿನ ಚೆಕ್ ಮೂಲಕ ಅಥವಾ ಕಚೇರಿಯಲ್ಲಿ ನೇರವಾಗಿ ನೀಡಿ ರಸೀದಿ ಪಡೆಯಬೇಕಾಗಿ ವಿನಂತಿ. ಉಪಕರಣಗಳ ದರಪಟ್ಟಿಗಳನ್ನು ಕಚೇರಿಯಲ್ಲಿ ಇಡಲಾಗಿದ್ದು, ಯಾರು ಬೇಕಾದರೂ ಬಂದು ಪರಿಶೀಲಿಸಬಹುದು. ಖರ್ಚಿನ ಲೆಕ್ಕವನ್ನು ಪಾಲಕರ ಸಭೆಯಲ್ಲಿ ಓದಿ ಒಪ್ಪಿಸಲಾಗುವುದು.

ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಸದಸ್ಯರು, ಶಾಲಾ ಆಡಳಿತ ಮಂಡಳಿ