ಮಗಳಿಗೊಂದು ಪತ್ರ: ದೊಡ್ಡಮ್ಮನ ಗಾಜಿನ ಲೋಟ

ಪ್ರೀತಿಯ ಪುಟ್ಟಿ,

ನಿನ್ನೆ ದೊಡ್ಡಮ್ಮನ ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಬರೋಕಾಗಲಿಲ್ಲ ಅಂತ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸಂಕಟ ಪಡಬೇಡ ಕಂದ. ಪರೀಕ್ಷೆ ಬಿಟ್ಟು ಬಂದಿದ್ದರೆ ಅಕ್ಕನೇ ಬೇಜಾರು ಮಾಡಿಕೊಳ್ಳುತ್ತಿದ್ದಳು.

ನೀನು ನೋಡಿದ್ದು ರಿಟೈರ್ ಆದ ದೊಡ್ಡಮ್ಮನನ್ನು. ಅವರೆಕಾಯಿ ಕಾಲ ಬಂತೆಂದರೆ ಹಿತಕಿದ ಬೇಳೆ ಸಾರು ಮಾಡಿ, ಕೂರಿಸಿಕೊಂಡು ಬಡಿಸುತ್ತಿದ್ದವಳು. ಕೆರೆಗಳ ಇಂಜಿನಿಯರ್ ಆಗಿ ಅವಳು ಏನು ಮಾಡಿದಳು ಅನ್ನೋದು ನಿನಗೆ ಜಾಸ್ತಿ ಗೊತ್ತಿಲ್ಲ, ಅಲ್ವಾ? ಒಂದು ರಾತ್ರಿಯ ವಿಷಯ ಹೇಳುತ್ತೇನೆ.

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಇದೆ, ಅದೂ ಮಳೆ ಬಂದಾಗಷ್ಟೇ. ಅದಕ್ಕೇ ಹಿಂದಿನವರು ಸಾಲಾಗಿ ಕೆರೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮೇಲಿನ ಏರಿ ಒಡೆದರೆ ಕೆಳಗಿನವಕ್ಕೂ ಗಂಡಾಂತರ.

ನಾನಾಗ ಹತ್ತನೇ ಕ್ಲಾಸು. ಅಕ್ಕ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ದೀಪಾವಳಿಗೆ ಊರಿಗೆ ಬಂದಿದ್ದಳು. ಮೂರು ದಿನದಿಂದ ಬಿಡದ ಮಳೆ. ನಡುರಾತ್ರಿ ನೀರುಗಂಟಿ ತಾತ, ಅಂದರೆ ಊರ ಕೆರೆ ಕಾದು ಗದ್ದೆಗಳಿಗೆ ನೀರು ಬಿಡುತ್ತಿದ್ದವರು, ಬಂದು ಬಾಗಿಲು ಬಡಿದರು. ಏರಿಯ ಹಿಂಬದಿ ಬುಡದಲ್ಲಿ ನೀರು ಜಿನುಗುತ್ತಿದೆ ಅಂದರು. ಅಕ್ಕ ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಅಡುಗೆಮನೆಯ ಗಾಜಿನ ಲೋಟ ಹಿಡಿದು ಹೊರಟಳು. ನಾನೂ ಹಿಂದೆ ಓಡಿದೆ.

ಊರವರು ಆಗಲೇ ಜೇಡಿಮಣ್ಣು ತಂದು ತೂತು ಮುಚ್ಚಲು ನಿಂತಿದ್ದರು. ಅಕ್ಕ ಆ ನೀರನ್ನು ಲೋಟಕ್ಕೆ ಹಿಡಿದು ಲಾಟೀನಿನ ಮುಂದೆ ಎತ್ತಿದಳು. ಕೆಂಪಗೆ ಕದಡಿತ್ತು.

"ತಿಳಿನೀರಾಗಿದ್ದರೆ ಇಷ್ಟು ಭಯ ಇರಲಿಲ್ಲ. ಇದು ಏರಿ ಒಳಗಿನ ಮಣ್ಣನ್ನೇ ಕೊಚ್ಚಿಕೊಂಡು ಬರ್ತಾ ಇದೆ. ಮುಚ್ಚಿದರೆ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತೆ. ನೀರು ಹೋಗಲಿ ಬಿಡಿ, ಮಣ್ಣು ಹೋಗಬಾರದು."

ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು. ಇಷ್ಟು ಚಿಕ್ಕ ಹುಡುಗಿ ಮಾತು ಕೇಳಬೇಕಾ ಅಂತ ಒಬ್ಬಿಬ್ಬರು ಗೊಣಗಿದರು. ನೀರುಗಂಟಿ ತಾತ ಏನೂ ಮಾತಾಡದೆ ಮೊದಲ ಮಂಕರಿ ಮರಳು ಸುರಿದರು. ಅಕ್ಕ ಅರ್ಧ ಗಂಟೆಗೊಮ್ಮೆ ಲೋಟ ತುಂಬಿ ನೋಡುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಲೋಟದ ಆಚೆ ಅವಳ ಬೆರಳು ಕಾಣಿಸಿತು.

ಅವತ್ತಿನಿಂದ ಆ ಲೋಟ ಅವಳ ಬ್ಯಾಗಿನಲ್ಲೇ ಇತ್ತು. ಯಾವ ಕೆರೆಗೆ ಹೋದರೂ ನಕ್ಷೆ ಬಿಚ್ಚುವ ಮುಂಚೆ ಅಲ್ಲಿನ ನೀರುಗಂಟಿಯ ಜೊತೆ ಏರಿ ಮೇಲೆ ಒಂದು ಸಲ ನಡೆಯುತ್ತಿದ್ದಳು. ಬಡ್ತಿ ತಡವಾಯಿತು, ಅವರಿವರ ಮಾತು ಕೇಳಬೇಕಾಯಿತು. ಅದನ್ನೆಲ್ಲ ಈಗ ಬರೆಯುವ ಮನಸ್ಸಿಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಗ ಮಂಡಿ ನೋವಿನಲ್ಲೂ ಬಸ್ ಹತ್ತಿ ಹೋಗಿ ನೋಡಿ ಬಂದಳು. ಒಣಗಿದ್ದ ಕೆರೆಯಲ್ಲಿ ನೀರು ಕಂಡು ಕಣ್ಣು ತುಂಬಿತಂತೆ. ಆದರೂ, "ಎರಡು ಹಂತದ ಶುದ್ಧೀಕರಣ ಸಾಲದು ಕಣೆ, ಮೂರನೆಯದೂ ಬೇಕು. ಲೋಟಕ್ಕೆ ಕಾಣದ್ದೂ ನೀರಲ್ಲಿರುತ್ತೆ" ಅಂದಳು. ಅಷ್ಟು ನೆಚ್ಚಿಕೊಂಡಿದ್ದ ಲೋಟದಿಂದ ಏನು ತಿಳಿಯುವುದಿಲ್ಲ ಅನ್ನೋದೂ ಅವಳಿಗೆ ಗೊತ್ತಿತ್ತು. ನನಗೆ ಅವಳ ಮೇಲೆ ಹೆಮ್ಮೆ ಅದಕ್ಕೇ.

ನಿನ್ನೆ ನೀರುಗಂಟಿ ತಾತನ ಮೊಮ್ಮಗ ಬಂದಿದ್ದ. ಊಟ ಮಾಡಿ ಹೊರಡುವಾಗ, "ಆ ಲೋಟ ಇದೆಯಾ ಅಮ್ಮ?" ಅಂತ ಕೇಳಿದ. ತಂದುಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಸುಮ್ನೆ ನೋಡಿದ, ವಾಪಸ್ ಕೊಟ್ಟ. ಅಂಚು ಒಂದು ಕಡೆ ಚೂರು ಒಡೆದಿದೆ. ಅವಳ ಹಳೇ ಕಾಟನ್ ಸೀರೆಯಲ್ಲಿ ಸುತ್ತಿ ನಿನಗೆ ಅಂತ ತೆಗೆದಿಟ್ಟಿದ್ದೇನೆ.

ಪರೀಕ್ಷೆ ಮುಗಿಸಿಕೊಂಡು ಬಾ. ಇಬ್ಬರೂ ಏರಿ ಮೇಲೆ ಹೋಗಿ ಬರೋಣ.

ನಿನ್ನ ಅಮ್ಮ