ತಾಂಡಾಕ್ಕೆ ಹೊರಟ ಮಕ್ಕಳಿಗೆ ನೀನು ಕಳಿಸುವ ಹಣ

ಸಿಂಧನೂರು

ಪ್ರೀತಿಯ ಮಗನಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ನಿನ್ನ ದೊಡ್ಡವ್ವನ ಆಶೀರ್ವಾದ. ನಾವೆಲ್ಲ ಕ್ಷೇಮ. ನಿನ್ನ ದೊಡ್ಡಪ್ಪನ ಮೊಣಕಾಲು ನೋವು ಇದ್ದದ್ದೇ, ಆದರೂ ಒಂದು ಭಾನುವಾರದ ಆರಾಧನೆಯನ್ನೂ ತಪ್ಪಿಸಿಲ್ಲ.

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಬೋನಸ್ ಬಂದ ದಿನವೇ ನಿನಗೆ, ರಜೆಯಲ್ಲಿ ಸುವಾರ್ತೆ ಹೇಳಲು ಹಳ್ಳಿಗಳಿಗೆ ಹೊರಡುವ ನಮ್ಮ ಬೈಬಲ್ ಶಾಲೆಯ ಮಕ್ಕಳು ನೆನಪಾದರಲ್ಲ, ಅದಕ್ಕೇ ನನ್ನ ಕಣ್ಣು ತುಂಬಿ ಬಂತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಎಂದು ಕಾಗದ ಬರೆಯಲು ಕೂತೆ. 50,000 ರೂಪಾಯಿಗೆ ನೀನು ಹಾಕಿದ ಪಟ್ಟಿ ನನ್ನ ಮುಂದಿದೆ: ಸ್ಪೀಕರ್ ಸೆಟ್, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಬ್ಯಾನರ್, ಒಂದು ವಾರಕ್ಕೆ ಬಾಡಿಗೆ ಕ್ರೂಸರ್, ಹಳ್ಳಿಯ ಹೆಂಗಸರಿಗೆ ಹಂಚಲು ಸೀರೆ. ಮಗಾ, ಇದರಲ್ಲಿ ಒಂದನ್ನೂ ಕೊಳ್ಳಬೇಡ. ಹಣ ಬೇಡ ಎನ್ನುತ್ತಿಲ್ಲ, ಖಂಡಿತ ಕಳಿಸು. ಆದರೆ ಅದು ಹೋಗುವ ಮಕ್ಕಳ ಮೈಗೆ, ಹೊಟ್ಟೆಗೆ, ಅವರ ಮನೆಗೆ ಮುಟ್ಟಲಿ.

ಸೀರೆಯ ಮಾತು ಮೊದಲು ಹೇಳುತ್ತೇನೆ, ಯಾಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕಾಲದಲ್ಲಿ ರಜೆ ಹಾಕಿ ದೇವದುರ್ಗದ ಕಡೆಯ ಒಂದು ಹಳ್ಳಿಗೆ ಸಂಗಡಿಗರ ಜೊತೆ ಹೋಗಿದ್ದೆ. ಚಳಿಗಾಲ, ಕಂಬಳಿ ಹಂಚಿದೆವು. ಮರುವರ್ಷ ಅದೇ ಊರಿನ ಅಗಸಿಯಲ್ಲಿ ಕಾಲಿಟ್ಟರೆ ಹುಡುಗರು ಓಡಿ ಬಂದು, “ಈ ಸಲ ಏನು ತಂದೀರಿ ಅಕ್ಕಾರ?” ಎಂದರು. ಮೊದಲ ವರ್ಷ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ರಾತ್ರಿವರೆಗೂ ಮಾತಾಡಿದ್ದ ಒಬ್ಬ ಮುದುಕ ಈ ಸಲ ದೂರ ನಿಂತ. ಕರೆದರೆ, “ಹೋದ ವರ್ಷ ನನ್ನ ಪಾಳಿ ಬರೂದ್ರೊಳಗ ಕಂಬಳಿ ತೀರಿದ್ವು. ಈಗ ನಾ ಯಾಕ ಬರಲಿ ತಾಯಿ?” ಎಂದ. ಅವನ ಸಂಗಡ ನಾವು ಆಡಿದ್ದ ಮಾತೆಲ್ಲ ಒಂದು ಕಂಬಳಿಯಲ್ಲಿ ಮುಳುಗಿತ್ತು. ಅವನ ಮುಖ ಇವತ್ತಿಗೂ ನನಗೆ ಮರೆತಿಲ್ಲ.

ಕಾನೂನಿನ ಮಾತೂ ಇದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರದ ಕಾಯ್ದೆ ಬಲವಂತ, ಮೋಸ, ಆಮಿಷಗಳನ್ನು ಅಪರಾಧ ಎನ್ನುತ್ತದೆ. ಅದನ್ನು ಹಿಂದಕ್ಕೆ ಪಡೆಯುತ್ತೇವೆಂದು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿದ ಸುದ್ದಿಯನ್ನು ನೀನೂ ಓದಿರಬೇಕು. ಕಾಯ್ದೆ ಇರಲಿ, ಹೋಗಲಿ, ಸುವಾರ್ತೆಯ ಜೊತೆ ಸೀರೆ ಕಟ್ಟಿಕೊಟ್ಟರೆ ಸುವಾರ್ತೆಗೇ ಅವಮಾನ. ನಂಬುವ, ಹೇಳುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಕೇಳುವವನಿಗೆ ಬೇಡ ಎನ್ನುವ ಹಕ್ಕೂ ಅಷ್ಟೇ ಪೂರ್ತಿಯಾಗಿದೆ. ಬಡವನ ಕೈಗೆ ಸಾಮಾನು ಇಟ್ಟ ಮೇಲೆ ಅವನು ಬೇಡ ಎನ್ನುವುದು ಹೇಗೆ?

ಲೂಕನ ಸುವಾರ್ತೆ ಹತ್ತನೆಯ ಅಧ್ಯಾಯ ತೆಗೆದು ನೋಡು. ಯೇಸು ಸ್ವಾಮಿ ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸುವಾಗ ಹಂಚಲು ಏನನ್ನೂ ಕೊಡಲಿಲ್ಲ. ಹಣದ ಚೀಲವನ್ನೂ ಬಿಡಿಸಿದ. ಒಂದು ಮನೆಯಲ್ಲಿ ಉಳಿಯಿರಿ, ಅವರು ಕೊಟ್ಟದ್ದನ್ನು ಉಣ್ಣಿರಿ ಎಂದ. ಉಣ್ಣಿಸುವವರಾಗಿ ಹೋದರೆ ನಾವು ಮೇಲಿನವರಾಗುತ್ತೇವೆ. ಅವರ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದವನು ಆ ಮನೆಯವನಾಗುತ್ತಾನೆ. ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ ಎನ್ನುವುದು ಎಷ್ಟು ದೊಡ್ಡ ಮಾತು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಊರ ಹೊರಗಿನ ಕೇರಿಯಲ್ಲಿ ಕೂತು ಒಂದೇ ತಟ್ಟೆಯಿಂದ ರೊಟ್ಟಿ ಮುರಿದುಕೊಳ್ಳುವ ಹುಡುಗನ ಸಾಕ್ಷಿಗೆ ಸ್ಪೀಕರ್ ಬೇಕಾಗುವುದಿಲ್ಲ.

ಹಾಗಾದರೆ ಹಣ ಯಾತಕ್ಕೆ ಎಂದು ಕೇಳುತ್ತೀ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ನಮ್ಮ ಬೈಬಲ್ ಶಾಲೆಯ ಹೆಚ್ಚಿನ ಮಕ್ಕಳು ಕೂಲಿಯವರ ಮನೆಯಿಂದ ಬಂದವರು. ಕೆಲವರ ತಂದೆತಾಯಿ ಗುಳೆ ಹೋಗುವವರು. ಸುಗ್ಗಿ ಮುಗಿಯುತ್ತಲೇ ಬೀಗ ಹಾಕಿ, ಅಡುಗೆ ಪಾತ್ರೆ ಗೋಣಿಚೀಲಕ್ಕೆ ತುಂಬಿ ಬೆಂಗಳೂರಿನ ಬಸ್ ಹತ್ತುವುದನ್ನು ನೀನೇ ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೀ. ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ಆ ಹುಡುಗರೂ ತಂದೆಯ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮುಂದಿನ ವರ್ಷದ ಫೀಸು, ತಂಗಿಯ ಪುಸ್ತಕ, ಅಂಗಡಿಯ ಉದ್ರಿ ಎಲ್ಲ ಆ ಕೂಲಿಯಿಂದಲೇ ತೀರಬೇಕು. ಅಂಥ ಹುಡುಗನಿಗೆ ನಾವು, ರಜೆಯಲ್ಲಿ ಸೇವೆಗೆ ಬಾ, ಹಳ್ಳಿ ತಿರುಗು ಎನ್ನುತ್ತೇವೆ. ಅವನು ಸಂತೋಷವಾಗಿ ಬರುತ್ತಾನೆ. ಮನೆಯಲ್ಲಿ ಅವನ ಕೂಲಿ ಹೋಯಿತು ಎಂದು ನಮ್ಮಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಹೋದ ವರ್ಷ ಕುಷ್ಟಗಿ ಕಡೆಯ ಒಬ್ಬ ಹುಡುಗ ಪ್ರವಾಸ ಮುಗಿಸಿ ಬಂದು ಶಾಲೆ ಬಿಡುತ್ತೇನೆ ಎಂದ. ಕೇಳಿದರೆ ತಲೆ ತಗ್ಗಿಸಿದ. ಆಮೇಲೆ ಅವನ ತಾಯಿಯಿಂದ ತಿಳಿಯಿತು: ಫೀಸಿಗೆ ದುಡಿಯಬೇಕಾದ ತಿಂಗಳನ್ನು ಅವನು ನಮಗೆ ಕೊಟ್ಟಿದ್ದ. ನಾವು ಅವನಿಗೆ ಒಂದು ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಗಾ.

ಆದ್ದರಿಂದ ನಿನ್ನ ಹಣದ ದೊಡ್ಡ ಪಾಲು ಅಲ್ಲಿಗೆ ಹೋಗಲಿ. ಯಾವ ಮಕ್ಕಳು ರಜೆಯಲ್ಲಿ ಹೊರಡುತ್ತಾರೋ ಅವರ ಮುಂದಿನ ವರ್ಷದ ಫೀಸು, ಊಟದ ಖರ್ಚು ಮೊದಲೇ ಕಟ್ಟಿಬಿಡು. ಇಪ್ಪತ್ತು ಮಂದಿ ಬೇಡ, ನಾಲ್ಕು ಮಂದಿ ಸಾಕು. ಇಬ್ಬಿಬ್ಬರ ಎರಡು ಜೋಡಿ. ಹತ್ತು ಊರು ಬೇಡ, ಎರಡು ಊರು. ಈ ವರ್ಷ ಹೋದವರೇ ಮುಂದಿನ ವರ್ಷವೂ ಅಲ್ಲಿಗೇ ಹೋಗಲಿ.

ಉಳಿದದ್ದು ಸಣ್ಣ ಸಣ್ಣ ಖರ್ಚು. ಹುಡುಗಿಯರಿಗೆ 2023ರ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಹುಡುಗರಿಗೆ ಬಸ್ ಚಾರ್ಜು ಬೇಕು, ಡಾಂಬರು ರಸ್ತೆ ಮುಗಿದ ಮೇಲೆ ಎಲ್ಲರಿಗೂ ಟಂಟಂ ಆಟೋ. ಗಟ್ಟಿ ಅಟ್ಟೆಯ ಚಪ್ಪಲಿ ಕೊಡಿಸು. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಟ್ಟಿರುತ್ತದೆ, ಆ ಬಿರುಕಿನಲ್ಲಿ ಚೇಳು, ಹಾವು ತಂಪಿಗೆ ಕೂತಿರುತ್ತವೆ. ಒಳ್ಳೆಯ ಟಾರ್ಚು ಕೊಡು. ಹಾವು ಕಡಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಡಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು ಎಂದು ನಾನೇ ಅವರಿಗೆ ಕೂರಿಸಿ ಹೇಳುತ್ತೇನೆ. ರಾಯಚೂರು ಸೀಮೆಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಓಆರ್‌ಎಸ್ ಪುಡಿ ಹತ್ತು ಪೊಟ್ಟಣ ಇರಲಿ. ಮಕ್ಕಳು ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಯುತ್ತಾರೆ, ತಪ್ಪು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅಲ್ಲಿನವರು ದಿನಾ ಅದನ್ನೇ ಕುಡಿದು ಹಲ್ಲು ಕಂದು ಮಾಡಿಕೊಂಡಿರುವಾಗ ನಮ್ಮ ಮಕ್ಕಳು ಅವರೆದುರು ಬಾಟಲಿ ನೀರು ಎತ್ತಿ ಕುಡಿಯುವುದು ನನಗೆ ಸರಿ ಕಾಣುವುದಿಲ್ಲ. ಶುದ್ಧ ನೀರಿನ ಘಟಕ ಇದ್ದ ಕಡೆ ಊರವರ ಜೊತೆಗೇ ಕೊಡ ಹಿಡಿದು ಸಾಲಿನಲ್ಲಿ ನಿಲ್ಲಲಿ.

ಹೋಗುವ ಕಾಲವನ್ನೂ ಯೋಚಿಸು. ಬೇಸಿಗೆಯಲ್ಲಿ ಹೋದರೆ ಅರ್ಧ ಊರು ಗುಳೆ ಹೋಗಿರುತ್ತದೆ, ಮುದುಕರು ಮತ್ತು ಸಣ್ಣ ಮಕ್ಕಳು ಉಳಿದಿರುತ್ತಾರೆ. ಆ ಮಕ್ಕಳನ್ನು ಹೆತ್ತವರಿಲ್ಲದಾಗ ಗುಂಪು ಕೂಡಿಸಿ ಹಾಡು ಕಲಿಸುವುದು ಬೇಡವೇ ಬೇಡ. ಅಜ್ಜಿ ಒಪ್ಪಿ ಕಳಿಸಿದರೂ ತಂದೆಗೆ ಫೋನ್ ಮಾಡಿ ಕೇಳಲಿ. ಕೃಷ್ಣೆಯ ನಡುಗಡ್ಡೆಯ ಊರುಗಳಿಗೆ ಮಳೆಗಾಲದಲ್ಲಿ ಕಳಿಸಬೇಡ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಹರಿಗೋಲು ಹಾಕಲಾಗುವುದಿಲ್ಲ. ಊರಿನ ಜಾತ್ರೆ, ಮೊಹರಂನ ಅಲಾಯಿ ಕುಣಿತ ನಡೆಯುವಾಗ ಕರಪತ್ರ ಹಿಡಿದು ನಿಲ್ಲುವುದೂ ಬೇಡ. ಅವರ ಹಬ್ಬ ಅವರದು.

ಭಾಷೆಯ ಬಗ್ಗೆ ಒಂದು ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಅವನಿಗೂ ಜೊತೆಗಾರರಿಗೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅದೇ ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್‌ನ ಕನ್ನಡ ನಿಘಂಟು 1832ರಲ್ಲಿ ಹೊರಬಂತು. ಒಂದೊಂದು ಮಾತಿಗೂ ಅವರು ಅಷ್ಟು ಕಷ್ಟಪಟ್ಟರು. ನಮ್ಮ ಮಕ್ಕಳಿಗೆ ಆ ಮಾತು ಹುಟ್ಟುತ್ತಲೇ ಬಾಯಲ್ಲಿದೆ. ಹೊರಗಿನಿಂದ ಭಾಷಣಕಾರರನ್ನು ಕರೆಸುವ ಯೋಚನೆ ನಿನ್ನ ಗೆಳೆಯರಿಗಿದ್ದರೆ ಬಿಡಿಸು.

ನಮ್ಮ ಶಾಲೆಯ ಒಬ್ಬ ಲಂಬಾಣಿ ಹುಡುಗಿಯ ಜೊತೆ ಹೋದ ವರ್ಷ ಲಿಂಗಸುಗೂರು ತಾಲ್ಲೂಕಿನ ಒಂದು ತಾಂಡಾಕ್ಕೆ ನಾನೂ ಹೋಗಿದ್ದೆ. ಅವಳು ಮೊದಲು ನಾಯಕನ ಮನೆಗೆ ಹೋಗಿ, ಯಾರು, ಎಲ್ಲಿಂದ, ಎಷ್ಟು ದಿನ ಎಂದು ಹೇಳಿ ಒಪ್ಪಿಗೆ ಪಡೆದಳು. ಆಮೇಲೆ ಬೇವಿನ ಮರದ ಕೆಳಗೆ ಬಟ್ಟೆಗೆ ಕನ್ನಡಿ ಚೂರು ಹೊಲಿಯುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕೂತಳು. ಅಜ್ಜಿ ದೇವರ ಬಗ್ಗೆ ಕೇಳಲಿಲ್ಲ. ರಾಠೋಡರ ಕುಲದವಳೋ, ಪವಾರರ ಕುಲದವಳೋ ಎಂದು ಅವರ ಮಾತಿನಲ್ಲೇ ಕೇಳಿದಳು. ಹುಡುಗಿ ಹೇಳಿದಳು. ಅಜ್ಜಿ ಸೂಜಿಯನ್ನು ಅವಳ ಕೈಗೆ ಕೊಟ್ಟು, ದಾರ ಪೋಣಿಸು, ನನಗೆ ಕಾಣುವುದಿಲ್ಲ ಎಂದಳು. ಎರಡು ದಿನ ಅವಳು ದಾರ ಪೋಣಿಸಿದಳು ಮಗಾ, ಬೇರೇನೂ ಇಲ್ಲ. ಮೂರನೆಯ ದಿನ ಅಜ್ಜಿಯೇ, ನಿನ್ನ ಚೀಲದಲ್ಲಿರುವ ಆ ಕಪ್ಪು ಪುಸ್ತಕದಲ್ಲಿ ಏನಿದೆ ಓದು ಎಂದಳು. ಹುಡುಗಿ ಕನ್ನಡದಲ್ಲಿ ಒಂದು ಸಾಲು ಓದುವುದು, ಲಂಬಾಣಿಯಲ್ಲಿ ಹೇಳುವುದು, ಹೀಗೆ ಕಳೆದುಹೋದ ಕುರಿಯ ಕಥೆ ಮುಗಿಸಿದಳು. ಅಜ್ಜಿ, ತನ್ನ ಮಗ ಮೂರು ವರ್ಷದಿಂದ ಪುಣೆಯಿಂದ ಬಂದಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವು ಅವಳ ಕಣ್ಣಿಗೆ ಕನ್ನಡಕ ಕೊಂಡು ಕೊಡಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಯಾವ ದಿನ ಎಂದು ವಿಚಾರಿಸಿ, ಅವಳನ್ನೂ ತಾಂಡಾದಿಂದ ಬರುತ್ತೇವೆಂದ ಬೇರೆ ನಾಲ್ವರನ್ನೂ ಟಂಟಂನಲ್ಲಿ ಕರೆದುಕೊಂಡು ಹೋದೆವು. ಆ ನಾಲ್ವರಲ್ಲಿ ಯಾರೂ ನಮ್ಮ ಮಾತು ಕೇಳಲು ಕೂತವರಲ್ಲ. ಸಹಾಯ ಮಾಡುವುದಾದರೆ ಹಾಗೆ ಮಾಡಬೇಕು.

ದಿನಾ ಫೋಟೋ ಬೇಕು ಎಂದು ಕೇಳಿದೆಯಲ್ಲ, ಅದೂ ಆಗದು. ಆ ಅಜ್ಜಿಯ ಕಣ್ಣೀರು ನಿನ್ನ ವಾಟ್ಸಾಪ್ ಗುಂಪಿಗೆ ಬರುವ ವಸ್ತುವಲ್ಲ. ಯಾರ ಮನೆಯಲ್ಲಿ ಯಾರು ಪ್ರಾರ್ಥನೆಗೆ ಕೂತರು ಎಂಬ ಫೋಟೋ ಊರು ತಿರುಗಿದರೆ ನಮ್ಮ ಮಕ್ಕಳು ಬಸ್ ಹತ್ತಿ ಬಂದುಬಿಡುತ್ತಾರೆ, ಆ ಮನೆಯವರು ಅಲ್ಲೇ ಬಾಳಬೇಕು. ನಿನಗೆ ಲೆಕ್ಕ ಬೇಕಾದರೆ ಕೇಳು, ಅದು ನಿನ್ನ ಹಕ್ಕು. ಬಸ್ ಟಿಕೆಟ್ಟು, ಔಷಧಿ ಚೀಟಿ, ಫೀಸಿನ ರಸೀದಿ ಎಲ್ಲ ಒಂದು ಪುಸ್ತಕಕ್ಕೆ ಅಂಟಿಸಿ ಇಡಿಸುತ್ತೇನೆ. ಹಣವನ್ನು ಯಾರ ಸ್ವಂತ ಖಾತೆಗೂ ಹಾಕಬೇಡ, ನನ್ನ ಖಾತೆಗೂ ಬೇಡ. ಸಭೆಯ ಖಾತೆಗೆ ಹಾಕಿ ರಸೀದಿ ತಗೋ. ಅಮೆರಿಕದ ಪೌರತ್ವ ಪಡೆದ ನಿನ್ನ ಗೆಳೆಯ ತಾನೂ ಕೊಡುತ್ತೇನೆ ಎಂದಿದ್ದಾನಂತೆ. ಅವನ ಪ್ರೀತಿಗೆ ಸ್ತೋತ್ರ, ಆದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ನೋಂದಣಿಯಾಗಲಿ ಮುಂಗಡ ಅನುಮತಿಯಾಗಲಿ ಇಲ್ಲದ ಸಭೆ ಅಂಥ ಹಣ ಮುಟ್ಟುವಂತಿಲ್ಲ. ನಿನ್ನ ಖಾತೆಯ ಮೂಲಕ ತಿರುಗಿಸಿ ಕಳಿಸುವುದೂ ತಪ್ಪೇ. ಅವನು ಪ್ರಾರ್ಥಿಸಲಿ.

ಯೋಹಾನನ ಮೂರನೆಯ ಪತ್ರವನ್ನು ಇವತ್ತು ರಾತ್ರಿ ಓದು, ಒಂದೇ ಪುಟ. ಅದನ್ನು ಬರೆದವನು ತನ್ನನ್ನು ಹಿರಿಯ ಎಂದು ಕರೆದುಕೊಳ್ಳುತ್ತಾನೆ. ಗಾಯ ಎಂಬವನು ಊರೂರು ತಿರುಗುವ ಸಹೋದರರನ್ನು ಮನೆಗೆ ಸೇರಿಸಿ ಮುಂದಕ್ಕೆ ಸಾಗಿಸುತ್ತಿದ್ದನಲ್ಲ, ಆ ಸುದ್ದಿ ಕೇಳಿ ಹಿಗ್ಗಿ ಬರೆದ ಕಾಗದ. ಆ ಸಹೋದರರು ನಂಬದವರಿಂದ ಏನನ್ನೂ ತೆಗೆದುಕೊಳ್ಳದೆ ಹೊರಟವರು, ಅದಕ್ಕೇ ಅವರ ಖರ್ಚನ್ನು ಸಭೆಯವರು ಹೊರಬೇಕು ಎನ್ನುತ್ತಾನೆ. ಇಲ್ಲಿ ಏನನ್ನೂ ತೆಗೆದುಕೊಳ್ಳಲಿಲ್ಲ ಎಂದಿದೆ, ಲೂಕನಲ್ಲಿ ಕೊಟ್ಟದ್ದನ್ನು ಉಣ್ಣಿರಿ ಎಂದಿದೆಯಲ್ಲ ಎಂದು ನೀನು ನನ್ನನ್ನು ಕೇಳಿಯೇ ಕೇಳುತ್ತೀ, ಚಿಕ್ಕಂದಿನಿಂದ ನಿನ್ನ ಗುಣ ಗೊತ್ತು. ನಾನು ತಿಳಿದದ್ದು ಇಷ್ಟು: ಕರೆದು ಬಡಿಸಿದ ರೊಟ್ಟಿಯನ್ನು ತಿನ್ನಬಹುದು, ಕಾಣಿಕೆ ಎಂದು ಒಂದು ರೂಪಾಯಿಯನ್ನೂ ಎತ್ತಬಾರದು. ಕಿಸೆ ಖಾಲಿ ಇರುವ ಹುಡುಗನಿಗೆ ಈ ನಿಯಮ ಪಾಲಿಸುವುದು ಕಷ್ಟ. ಅದಕ್ಕೇ ನಿನ್ನ ಹಣ ಬೇಕು.

ಕುಷ್ಟಗಿಯ ಆ ಹುಡುಗನ ಫೀಸಿನ ಕೊನೆಯ ದಿನ ಈ ತಿಂಗಳ ಮೂವತ್ತು. ಮೊದಲು ಅದನ್ನು ಕಟ್ಟು. ಅವನಿಗೆ ನಿನ್ನ ಹೆಸರು ಹೇಳುವುದಿಲ್ಲ. ಚಪ್ಪಲಿಯ ಅಳತೆ ನಾಲ್ಕೂ ಮಂದಿಯದು ತೆಗೆದುಕೊಂಡಿದ್ದೇನೆ: ಇಬ್ಬರದು ಏಳು, ಒಬ್ಬನದು ಒಂಬತ್ತು, ಹುಡುಗಿಯದು ಐದು. ಬೆಂಗಳೂರಿನಲ್ಲಿ ಕೊಳ್ಳಬೇಡ, ಇಲ್ಲೇ ಬಜಾರಿನಲ್ಲಿ ಅವರೇ ಹಾಕಿ ನೋಡಿ ಕೊಳ್ಳಲಿ. ಕಡಕ್ ರೊಟ್ಟಿ ನಾನು ಮಾಡಿ ಬಿಳಿ ಬಟ್ಟೆಯಲ್ಲಿ ಕಟ್ಟಿಡುತ್ತೇನೆ, ಗುರೆಳ್ಳು ಪುಡಿಯೂ ಇದೆ. ಸಾಧ್ಯವಾದರೆ ಅವರು ಹೊರಡುವ ದಿನ ನೀನೇ ಬಾ. ಒಂದು ದಿನ ಅವರ ಜೊತೆ ಆ ತಾಂಡಾಕ್ಕೆ ಹೋಗಿ ಬಾ, ಅಜ್ಜಿಯ ಹತ್ತಿರ ಕೂತುಕೋ. ಕನ್ನಡಕ ಬಂದಿದ್ದರೂ ಸೂಜಿಗೆ ದಾರ ಪೋಣಿಸಲು ಅವಳಿಗೆ ಈಗಲೂ ಜನ ಬೇಕಂತೆ.

ನಿನ್ನ ಪ್ರೀತಿಯ
ದೊಡ್ಡವ್ವ