ಸೈಕಲ್ಲಿನ ಕೇಬಲ್ ಮರೆಮಾಡುವುದು ಯಾರ ಅನುಕೂಲಕ್ಕೆ?

ಮಾನ್ಯರೇ,

ಹಳೆಯ ಸೈಕಲ್ ಬಿಡಿಭಾಗಗಳು ನೋಡಲು ಚೆಂದ, ಹೊಸವು ಬಳಸಲು ಚೆಂದ ಎಂಬ ಮಾತು ಸೈಕಲ್ ಪ್ರಿಯರಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿಬಿಟ್ಟಿದೆ. ಎರಡೂ ಕಾಲದ ಸೈಕಲ್‌ಗಳನ್ನು ಸ್ವತಃ ಬಿಚ್ಚಿ, ಗ್ರೀಸು ತುಂಬಿ, ಮತ್ತೆ ಜೋಡಿಸುತ್ತ ಬಂದಿರುವ ನನಗೆ ಇದು ಅರ್ಧ ಸತ್ಯವೆಂದು ತೋರುತ್ತದೆ. ಅಂದಕ್ಕಾಗಿ ಅನುಕೂಲವನ್ನು ಬಿಟ್ಟುಕೊಡುವ ಚಾಳಿ ಈಗ ಹೊಸ ಸೈಕಲ್‌ಗಳಲ್ಲೇ ಹೆಚ್ಚುತ್ತಿದೆ.

ಬ್ರೇಕಿನ ವಿಷಯದಲ್ಲಿ ಹೊಸದೇ ಮೇಲು. ಹ್ಯಾಂಡಲ್ಲಿನಿಂದ ಚಕ್ರದವರೆಗೆ ಉಕ್ಕಿನ ಸರಳುಗಳು ಇಳಿದುಬಂದ ರಾಡ್ ಬ್ರೇಕು ನೋಡಲು ಗಂಭೀರವಾಗಿದೆ, ಬಹುಕಾಲ ಬಾಳಿಕೆಯೂ ಬರುತ್ತದೆ; ಆದರೆ ಮಳೆಯಲ್ಲಿ ತೊಯ್ದ ಕ್ರೋಮ್ ಲೇಪದ ರಿಮ್ಮಿನ ಮೇಲೆ ಅದರ ರಬ್ಬರು ಜಾರುತ್ತಲೇ ಹೋಗಿ, ಲಿವರನ್ನು ಪೂರ್ತಿ ಹಿಂಡಿದರೂ ಸೈಕಲ್ ನಿಲ್ಲದ ಆ ಕೆಲವು ಕ್ಷಣಗಳನ್ನು ಅನುಭವಿಸಿದವರು ಡಿಸ್ಕ್ ಬ್ರೇಕನ್ನು ಹಳಿಯಲಾರರು.

ಗೇರಿನ ಕಥೆ ಇನ್ನಷ್ಟು ಸ್ವಾರಸ್ಯಕರ. ಇಟಲಿಯ ಕಾಂಪಾನ್ಯೊಲೊ ಕಂಪನಿ 1967ರಲ್ಲಿ ಹೊರತಂದ ನುವೊವೊ ರೆಕಾರ್ಡ್ ಡಿರೇಲರನ್ನು (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವನ್ನು) ಕೈಯಲ್ಲಿ ಹಿಡಿದು ನೋಡುವುದೇ ಒಂದು ಸಂತೋಷ. ಹೊಳಪಿಟ್ಟ ಅಲ್ಯೂಮಿನಿಯಂನ ಅಂಥ ನಯವನ್ನು ನಾನು ಬೇರೆ ಬಿಡಿಭಾಗದಲ್ಲಿ ಕಂಡಿಲ್ಲ. ಆದರೆ ಅದಕ್ಕೂ ಮೊದಲೇ, 1964ರಲ್ಲಿ, ಜಪಾನಿನ ಸನ್‌ಟೂರ್ ಕಂಪನಿ ಓರೆಯಾಗಿ ಚಲಿಸುವ ಡಿರೇಲರನ್ನು ರೂಪಿಸಿತ್ತು. ಹಲ್ಲುಚಕ್ರಗಳು ಸಣ್ಣದರಿಂದ ದೊಡ್ಡದಕ್ಕೆ ಇಳಿಜಾರಿನಂತೆ ಜೋಡಣೆಯಾಗಿರುವುದರಿಂದ, ಚೈನನ್ನು ಸರಿಸುವ ಪುಟ್ಟ ಗಾಲಿಯೂ ಅದೇ ಓರೆಯಲ್ಲಿ ಸಾಗಿದರೆ ಪ್ರತಿ ಹಲ್ಲುಚಕ್ರದಿಂದಲೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಉಳಿಯುತ್ತದೆ, ಗೇರು ಥಟ್ಟನೆ ಬೀಳುತ್ತದೆ. 1984ರಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಉಳಿದ ತಯಾರಕರೂ ಇದನ್ನೇ ಅಳವಡಿಸಿಕೊಂಡರು. ಸನ್‌ಟೂರಿನವು ನೋಟಕ್ಕೆ ಸಾಧಾರಣ, ಕೆಲಸದಲ್ಲಿ ಚೊಕ್ಕ.

ಅಂದದ ಮೋಹಕ್ಕೆ ಹಳಬರೂ ಬಿದ್ದಿದ್ದುಂಟು. 1980ರ ದಶಕದಲ್ಲಿ ಕಾಂಪಾನ್ಯೊಲೊ ತಂದ ಡೆಲ್ಟಾ ಬ್ರೇಕು ತನ್ನ ಯಂತ್ರವನ್ನೆಲ್ಲ ನುಣುಪಾದ ತ್ರಿಕೋನದ ಮುಚ್ಚಳದೊಳಗೆ ಅಡಗಿಸಿಕೊಂಡಿತ್ತು. ತೂಕ ಹೆಚ್ಚು, ಹೊಂದಿಸುವುದು ಕಷ್ಟ, ಹಿಡಿತವೂ ಅದರ ಚೆಲುವಿಗೆ ತಕ್ಕಷ್ಟಿರಲಿಲ್ಲ.

ಇಂದಿನ ದುಬಾರಿ ಸೈಕಲ್‌ಗಳು ಆ ದಾರಿಯಲ್ಲೇ ಮತ್ತಷ್ಟು ದೂರ ಹೋಗಿವೆ. ಕೇಬಲ್ಲಿನ ಬದಲು ದ್ರವ ತುಂಬಿದ ಬ್ರೇಕಿನ ಕೊಳವೆಗಳನ್ನು ಹ್ಯಾಂಡಲ್ಲಿನೊಳಗಿಂದ ಹಾಯಿಸಿ, ಹ್ಯಾಂಡಲ್ ತಿರುಗಲು ನೆರವಾಗುವ ಹೆಡ್‌ಸೆಟ್ಟಿನ ಮೇಲಿನ ಬೇರಿಂಗಿನ ಮೂಲಕ ಫ್ರೇಮಿನೊಳಕ್ಕೆ ಇಳಿಸುತ್ತಾರೆ. ಗಾಳಿಯ ತಡೆ ತುಸು ತಗ್ಗುತ್ತದೆ, ಪಂದ್ಯದ ಸವಾರರಿಗೆ ಅದು ಬೇಕಾಗಲೂಬಹುದು. ಆದರೆ ನೀರು, ಬೆವರು ಇಳಿದು ಆ ಒಂದು ಬೇರಿಂಗು ತುಕ್ಕು ಹಿಡಿದರೆ ಅನೇಕ ಮಾದರಿಗಳಲ್ಲಿ ಕೊಳವೆ ಕಳಚಿ, ಬೇರಿಂಗ್ ಬದಲಿಸಿ, ಬ್ರೇಕಿನ ದ್ರವ ತುಂಬಿ, ಗಾಳಿಗುಳ್ಳೆ ತೆಗೆಯಬೇಕು. ಕೇಬಲ್ ಹೊರಗಿರುವ ಹಳೆಯ ಸೈಕಲ್ಲಿನಲ್ಲಿ ಎರಡು ಪಾನಾ ಹಿಡಿದು ಮುಗಿಸುವ ಕೆಲಸವಿದು. ಬೆನ್ನುನೋವಿನವರು ಹ್ಯಾಂಡಲ್ ಎತ್ತರಿಸಬೇಕೆಂದರೂ ಇದೇ ಪಾಡು: ಹಿಂದೆ ನಡುವಿನ ಬೋಲ್ಟನ್ನು ಸಡಿಲಿಸಿ, ಮೆಲ್ಲಗೆ ಕುಟ್ಟಿ, ಬೇಕಾದಷ್ಟು ಮೇಲೆತ್ತುತ್ತಿದ್ದೆವು, ಈಗ ಹ್ಯಾಂಡಲ್ ಕೂರುವ ಫೋರ್ಕಿನ ಕೊಳವೆಯನ್ನು ಒಮ್ಮೆ ಗಿಡ್ಡಗೆ ಕತ್ತರಿಸಿದರೆ ಮತ್ತೆ ಉದ್ದವಾಗದು.

ಪೆಡಲಿನ ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್ಟಿನ ಬಗೆಗೂ ಒಂದು ಮಾತು. ಅಂಗುಲಕ್ಕೆ 24 ಸುತ್ತಿನ, 1.37 ಅಂಗುಲ ವ್ಯಾಸದ ತಿರುಪುಳ್ಳ ಹಳೆಯ ಅಳತೆ ಹಲವು ತಲೆಮಾರುಗಳ ಸೈಕಲ್‌ಗಳಿಗೆ ಒಗ್ಗಿತ್ತು. ತಿರುಪಿಲ್ಲದೆ ಒತ್ತಿ ಕೂರಿಸುವ ಬೇರಿಂಗುಗಳು ಬಂದ ಮೇಲೆ ಅಳತೆಗಳು ಹತ್ತಾರಾದವು, ಫ್ರೇಮಿನ ರಂಧ್ರ ಕೂದಲೆಳೆಯಷ್ಟು ತಪ್ಪಿದರೂ ಕಿರ್ರೆನ್ನುವ ಸದ್ದು ಶುರುವಾಯಿತು. ಕೆಲವು ತಯಾರಕರು ಈಗ ತಿರುಪಿನ ಪದ್ಧತಿಗೆ ಮರಳಿರುವುದು ಸಮಾಧಾನದ ಸಂಗತಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪಂದ್ಯಕ್ಕಲ್ಲದೆ ದಿನಬಳಕೆಗೆ ಮಾಡುವ ಸೈಕಲ್‌ಗಳಲ್ಲಾದರೂ ತಯಾರಕರು ಕೇಬಲ್‌ಗಳನ್ನು ಕೈಗೆಟಕುವಂತೆ ಹೊರಗೇ ಬಿಡಲಿ. ಹೊಸ ಮಾದರಿಗಳ ತೂಕವನ್ನು ಗ್ರಾಂ ಲೆಕ್ಕದಲ್ಲಿ ವರದಿ ಮಾಡುವವರು, ಅದರ ಹೆಡ್‌ಸೆಟ್ ಬೇರಿಂಗ್ ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನೂ ಪಕ್ಕದಲ್ಲೇ ಬರೆಯಲಿ.

ಇಂತಿ,
ಓರ್ವ ಸೈಕಲ್ ಸವಾರ